ನಾತಾಳದ ಸೂಟಿಯೂ ಬೆಳೆದ ಮಕ್ಕಳೂ

ಮಕ್ಕಳು ಚಿಕ್ಕವರಿರುವಾಗ ಪ್ರವಾಸದ ಚಿಂತೆಯು ಹಾಲು, ಹಾಸಿಗೆ, ಔಷಧ ಇಷ್ಟರಲ್ಲಿಯೇ ಮುಗಿಯುತ್ತದೆ. ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ ಬರುವರು; ತೋರಿಸಿದುದನ್ನು ನೋಡುವರು. ಹದಿಮೂರು ದಾಟಿದ ಮಕ್ಕಳ ಮಾತು ಬೇರೆ. ಅವರಿಗೆ ತಮ್ಮದೇ ಆದ ರುಚಿ ಹುಟ್ಟಿರುತ್ತದೆ, ಗೆಳೆಯರು ಇರುತ್ತಾರೆ, ಮನಸ್ಸಿನಲ್ಲಿ ಹೇಳದೆ ಇಟ್ಟುಕೊಂಡ ಮಾತುಗಳೂ ಇರುತ್ತವೆ. ಹದಿನಾರರ ಮಗನನ್ನು ಗೆಳೆಯನಂತೆ ಕಾಣಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಗಳಿಗೂ ಈ ಮಾತು ಸಲ್ಲತಕ್ಕುದೇ. ಆದರೆ ಪ್ರವಾಸದ ಹೊತ್ತಿಗೆ ಮಾತ್ರ ನಾವು ಆ ಗೆಳೆಯನನ್ನು ಸಾಮಾನಿನ ಗಂಟಿನಂತೆ ಗಾಡಿಗೇರಿಸುತ್ತೇವೆ. ಅವನ ಮೋರೆ ಬಾಡಿದರೆ ಆಶ್ಚರ್ಯಪಡುತ್ತೇವೆ.

ಈ ವಿಷಯವು ಅಲ್ಪವಾದುದಲ್ಲ. ಹತ್ತನೆಯ ತರಗತಿ ಮುಗಿದೊಡನೆ ಕೆಲವರು, ಹನ್ನೆರಡನೆಯದು ಮುಗಿದೊಡನೆ ಬಹು ಜನರು, ಧಾರವಾಡಕ್ಕೋ ಬೆಂಗಳೂರಿಗೋ ವಿದ್ಯೆಗಾಗಿ ಹೊರಟುಹೋಗುತ್ತಾರೆ. ಆಮೇಲೆ ಅವರು ಮನೆಗೆ ಬರುವುದು ಅತಿಥಿಗಳಂತೆ. ಹದಿನೈದು ವರ್ಷದ ಮಗುವಿರುವ ಮನೆಗೆ, ಎಲ್ಲರೂ ಕೂಡಿ ಹೋಗುವ ಪ್ರವಾಸಗಳು ಇನ್ನು ಎರಡೋ ಮೂರೋ ಉಳಿದಿರುತ್ತವೆ. ಅವುಗಳಲ್ಲಿ ಒಂದನ್ನಾದರೂ ವಿಚಾರಮಾಡಿ ಕಟ್ಟುವುದು ಗೃಹಸ್ಥರ ಕರ್ತವ್ಯವೆಂದು ತೋರುತ್ತದೆ. ಅದಕ್ಕೆ ತಕ್ಕ ಕಾಲವು ನಮ್ಮ ಕಡೆಯವರು ನಾತಾಳವೆಂದು ಕರೆಯುವ ಕ್ರಿಸ್ತಜಯಂತಿಯ ಸೂಟಿ. ಬೇಸಗೆಯಲ್ಲಿ ಕಾದ ಹಂಚಿನಂತಿರುವ ನಮ್ಮ ಬಂಡೆಗಳು ಆಗ ತಂಪಾಗಿರುತ್ತವೆ. ಪರೀಕ್ಷೆಯ ಬಿರುಸು ಇನ್ನೂ ಏರಿರುವುದಿಲ್ಲ. ಸೂಟಿ ಕಡಿಮೆಯಿದ್ದ ಶಾಲೆಯ ಮಕ್ಕಳಿದ್ದರೆ ಮುಂದೆ ಹೇಳುವ ಐದು ದಿನಗಳನ್ನು ಮೂರಕ್ಕೆ ಇಳಿಸಿಕೊಳ್ಳಬಹುದು.

ಎಲ್ಲಿಗೆ ಹೋಗಬೇಕು? ಹರೆಯದ ಮಕ್ಕಳು ಪಟ್ಟಣವನ್ನು ಬಯಸುತ್ತಾರೆ; ಗೋವೆ, ಮುಂಬಯಿ, ಬೆಂಗಳೂರು ಎನ್ನುತ್ತಾರೆ. ಆ ವಾರದಲ್ಲಿ ಅಲ್ಲಿ ವಸತಿ ತುಟ್ಟಿ, ದಾರಿಯೆಲ್ಲ ಜನಸಂದಣಿ. ನಾವು ಸೂಚಿಸುವುದೂ ಒಂದು ರಾಜಧಾನಿಯನ್ನೇ. ಆದರೆ ಅದು ಹದಿನಾಲ್ಕು ನೂರು ವರ್ಷಗಳ ಹಿಂದಿನದು. ವಾತಾಪಿನಗರ, ಅಂದರೆ ಇಂದಿನ ಬಾದಾಮಿ. ಅಲ್ಲಿಂದ ಹೊರಟು ಗುಳೇದಗುಡ್ಡ, ಪಟ್ಟದಕಲ್ಲು, ಐಹೊಳೆ, ಹುನಗುಂದ, ಇಳಕಲ್ಲುಗಳನ್ನು ನೋಡಿ ಬಾಗಲಕೋಟೆಯಲ್ಲಿ ಮುಗಿಸಿದರೆ ಸುತ್ತು ಪೂರ್ಣವಾಗುತ್ತದೆ. ಎಲ್ಲವೂ ಒಂದೇ ಜಿಲ್ಲೆಯ ಊರುಗಳು. ಯಾವ ದಿನವೂ ಗಾಡಿಯಲ್ಲಿ ಹೆಚ್ಚು ಹೊತ್ತು ಕೂಡ್ರಬೇಕಾಗಿಲ್ಲ.

ಸಿದ್ಧತೆಯನ್ನು ದೀಪಾವಳಿಯ ಹೊತ್ತಿಗೇ ಆರಂಭಿಸತಕ್ಕುದು. ರೈಲಿನ ಸ್ಥಳವನ್ನು ಈಗ ಅರುವತ್ತು ದಿನ ಮೊದಲೇ ಕಾಯ್ದಿರಿಸಬಹುದಾದುದರಿಂದ ಅಕ್ಟೋಬರದ ಕೊನೆಯ ವಾರವನ್ನು ತಪ್ಪಿಸಬಾರದು. ಬೆಂಗಳೂರಿನವರು ಸಂಜೆ ಗಾಡಿಯೇರಿದರೆ ಮರುದಿನ ಬೆಳಿಗ್ಗೆ ಬಾದಾಮಿಯಲ್ಲಿ ಇಳಿಯಬಹುದು. ನಿಲ್ದಾಣದಿಂದ ಊರಿಗೆ ಸುಮಾರು 5 ಕಿಲೋಮೀಟರು. ಇದಕ್ಕೂ ಮುಖ್ಯವಾದುದು ಮನೆಯ ಸಭೆ. ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂಡಿ ಕುಳಿತು ಕೆಲಸವನ್ನು ಹಂಚಿಕೊಳ್ಳಬೇಕು. ಹಿರಿಯ ಮಗುವಿನ ಕೈಗೆ ಖರ್ಚಿನ ಹಣವನ್ನೂ ಲೆಕ್ಕದ ಪುಸ್ತಕವನ್ನೂ ಕೊಡಿರಿ. ಎರಡನೆಯವರಿಗೆ ಗಾಡಿ, ಬಸ್ಸು, ವಸತಿಗಳ ವಿಚಾರಣೆ ಇರಲಿ. ಇದಲ್ಲದೆ ಒಬ್ಬೊಬ್ಬರೂ ಒಂದೊಂದು ಊರನ್ನು ಆರಿಸಿಕೊಂಡು, ಓದಿ ತಿಳಿದು, ಆ ದಿನ ಎಲ್ಲರನ್ನೂ ನಡೆಸಬೇಕು. ಅಂದು ತಂದೆತಾಯಿಗಳು ಹಿಂದೆ ನಡೆಯಬೇಕು. ಮಗನು ಹಿಡಿದ ದಾರಿ ತುಸು ಸುತ್ತಾದರೂ ಬಾಯಿ ಹಾಕಬಾರದು. ಅರ್ಧ ತಾಸು ಹೋಗಬಹುದು. ಬಂದ ಧೈರ್ಯವು ಹೋಗುವುದಿಲ್ಲ.

ಮೊದಲನೆಯ ದಿನ, ಡಿಸೆಂಬರ 24, ಬಾದಾಮಿಗೇ ಮೀಸಲು. ಒಂದನೆಯ ಪುಲಕೇಶಿಯು ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಇಲ್ಲಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿದನೆಂದು ಬಂಡೆಯ ಮೇಲಿನ ಶಾಸನವು ಹೇಳುತ್ತದೆ. ಎದುರಿನ ಬೆಟ್ಟದಲ್ಲಿ ನಾಲ್ಕು ಗುಹೆಗಳು: ಮೊದಲನೆಯದು ಶೈವ, ಎರಡನೆಯದೂ ಮೂರನೆಯದೂ ವೈಷ್ಣವ, ನಾಲ್ಕನೆಯದು ಜೈನ. ಮೂರನೆಯದರಲ್ಲಿ ಮಂಗಲೇಶನ ಕಾಲನಿರ್ದೇಶವಿರುವ ಶಾಸನವುಂಟು, ಶಕ 500, ಕ್ರಿ.ಶ. 578. ಮೊದಲನೆಯ ಗುಹೆಯ ಹೊರಗಿನ ನಟರಾಜನಿಗೆ ಹದಿನೆಂಟು ಕೈಗಳು. ಅದನ್ನು ಮಕ್ಕಳಿಗೆ ಹೇಳಬೇಡಿರಿ, ಎಣಿಸಲು ಬಿಡಿರಿ. ಒಂದೇ ಬಂಡೆಯಲ್ಲಿ ಮೂರು ಮತಗಳು ನೆರೆಹೊರೆಯಾಗಿ ಬಾಳಿದುದನ್ನು ಕಣ್ಣಾರೆ ಕಂಡ ಮಗುವಿಗೆ ಆ ಕುರಿತು ಬೇರೆ ಉಪದೇಶ ಬೇಡ.

ಮಧ್ಯಾಹ್ನದ ಊಟಕ್ಕೆ 5 ಕಿಲೋಮೀಟರಿನ ಮೇಲಿರುವ ಬನಶಂಕರಿಗೆ ಹೋಗಬಹುದು. ಗುಡಿಯ ಆವರಣದಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಂದು ಬಡಿಸುತ್ತಾರೆ. ಬನದ ಹುಣ್ಣಿಮೆಯು ಕೆಲವು ವರ್ಷ ಜನವರಿಯ ಮೊದಲ ವಾರದಲ್ಲಿಯೇ ಬರುತ್ತದೆ; 2026ರಲ್ಲಿ 3ನೆಯ ತಾರೀಖಿಗೆ ಬಂದಿತು. ಅಂಥ ವರ್ಷ ಸೂಟಿಯನ್ನು ಹಿಂದೆ ಸರಿಸಿಕೊಂಡರೆ ಜಾತ್ರೆಯೂ, ಅಲ್ಲಿ ರಾತ್ರಿಯೆಲ್ಲ ನಡೆಯುವ ಕಂಪನಿ ನಾಟಕಗಳೂ ಸಿಕ್ಕುತ್ತವೆ. ಸಂಜೆಗೆ ಮಾತ್ರ ಬಾದಾಮಿಯ ಅಗಸ್ತ್ಯತೀರ್ಥದ ದಂಡೆಗೆ ಮರಳಬೇಕು. ಭೂತನಾಥನ ಗುಡಿಯು ಕೆರೆಯ ಮೂಡಣ ತುದಿಯಲ್ಲಿ ಪಡುವಲಿಗೆ ಮುಖಮಾಡಿ ನಿಂತಿದೆ. ಇಳಿಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಅದೇ ಕೆರೆಯ ಮೇಲಣ ಬಂಡೆಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಸ್ವಾಭಿಮಾನಿಯಾದ ವೀರನೊಬ್ಬನ ನಡತೆಯನ್ನು ಹೊಗಳುವ ಈ ಬರಹದಲ್ಲಿ ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಗಳು ಕಾಣುತ್ತವೆ. ಅಜ್ಜಿಯು ಬೀಸುವಾಗ ಹಾಡಿದ ಹಾಡಿನ ಮಟ್ಟವು ಇಷ್ಟು ಹಳೆಯದೆಂದರೆ ಮಕ್ಕಳು ಬೆರಗಾಗದಿರರು. ಮಂಗಗಳ ಕಾಟ ಮಾತ್ರ ಬಹಳ. ತಿನಿಸನ್ನು ಕೈಯಲ್ಲಿ ಹಿಡಿದು ತಿರುಗಬಾರದು.

ಎರಡನೆಯ ದಿನ ನಾತಾಳ. ಬೆಳಿಗ್ಗೆ ಗುಳೇದಗುಡ್ಡಕ್ಕೆ ಹೋಗಬೇಕೆಂದು ನಮ್ಮ ಸಲಹೆ. ಈ ನೇಕಾರರ ಊರಿನಲ್ಲಿ ಬಾಸೆಲ್ ಮಿಶನ್ನಿನವರು 1851ರಲ್ಲಿ ನೆಲೆಯೂರಿದರು. 1894ರಲ್ಲಿ ದೊಡ್ಡ ಕನ್ನಡ ನಿಘಂಟನ್ನು ಅಚ್ಚುಹಾಕಿಸಿದ ಕಿಟ್ಟೆಲ್ ಪಂಡಿತರೂ ಅದೇ ಮಿಶನ್ನಿನವರು. ಇಲ್ಲಿಯ ಕ್ರೈಸ್ತರ ಪ್ರಾರ್ಥನೆ, ಹಾಡು, ಬೋಧನೆಗಳೆಲ್ಲ ಕನ್ನಡದಲ್ಲಿಯೇ. ಮೊದಲೇ ಕೇಳಿಕೊಂಡು, ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳಿತರೆ, ನಮ್ಮದಲ್ಲದ ಹಬ್ಬವನ್ನು ನಮ್ಮ ಭಾಷೆಯಲ್ಲಿ ಕೇಳುವ ಸುಯೋಗ ಒದಗುತ್ತದೆ. ದೊಡ್ಡ ಪಟ್ಟಣದ ಅಂಗಡಿಗಳ ದೀಪಗಳಲ್ಲಿ ಕಾಣದ ನಾತಾಳವು ಇಲ್ಲಿ ಕಂಡೀತು. ಇದೇ ಊರಿನ ಕುಪ್ಪಸದ ಖಣವು ನಾಡಿಗೆಲ್ಲ ಹೆಸರಾದುದು. ಹಬ್ಬದ ದಿನವಾದರೂ ಕೆಲವು ಮನೆಗಳಲ್ಲಿ ಮಗ್ಗದ ಸದ್ದು ಕೇಳಿಸಬಹುದು. ಮಧ್ಯಾಹ್ನಾನಂತರ ಮಹಾಕೂಟದ ಪುಷ್ಕರಿಣಿಯ ಬಳಿ ವಿಶ್ರಾಂತಿ. ಬೆಟ್ಟದ ಮಡಿಲಿನ ಈ ಕೊಳಕ್ಕೆ ಚಿಲುಮೆಯ ನೀರು ಬಂದು ಸೇರುತ್ತದೆ. ಆ ಹೊತ್ತು ಯಾವ ಇತಿಹಾಸವೂ ಬೇಡ, ಹರಟೆಯೇ ಸಾಕು.

ಮೂರನೆಯ ದಿನ ಪಟ್ಟದಕಲ್ಲು, ಐಹೊಳೆ. ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರು; 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ಮಕ್ಕಳಿಗೆ ಹೇಳತಕ್ಕ ಕಥೆ ಒಂದೇ. ಕ್ರಿ.ಶ. 642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಗೆದ್ದು ತನ್ನ ಶಾಸನವನ್ನು ಬಾದಾಮಿಯ ಬಂಡೆಯ ಮೇಲೆ ಕೆತ್ತಿಸಿದನು. ನೂರು ವರ್ಷಗಳ ತರುವಾಯ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಆದರೆ ಸೇಡಿಗಾಗಿ ಊರನ್ನು ಹಾಳುಮಾಡಲಿಲ್ಲ. ಅಲ್ಲಿಯ ಕೈಲಾಸನಾಥನ ಗುಡಿಯ ಸಂಪತ್ತನ್ನು ದೇವರಿಗೇ ಮರಳಿ ಕೊಟ್ಟು, ಅದನ್ನು ಕನ್ನಡದಲ್ಲಿ ಅಲ್ಲಿಯೇ ಬರೆಯಿಸಿದನು. ಆ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ವಿರೂಪಾಕ್ಷನ ಗುಡಿಯನ್ನೂ, ಆಕೆಯ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯು ಮಲ್ಲಿಕಾರ್ಜುನನ ಗುಡಿಯನ್ನೂ ಕಟ್ಟಿಸಿದರು. ಕಟ್ಟಿದ ಶಿಲ್ಪಿಯ ಹೆಸರೂ ಶಾಸನದಲ್ಲಿ ಉಳಿದಿದೆ. ಜಗಳದ ಉತ್ತರವನ್ನು ಹೇಗೆ ಕೊಡಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ಐಹೊಳೆಯಲ್ಲಿ ಗುಡಿಗಳು ನೂರಕ್ಕೂ ಮಿಕ್ಕಿವೆ. ಎಲ್ಲವನ್ನೂ ನೋಡಹೋದರೆ, “ಅವ್ವಾ, ಇನ್ನ ಎಷ್ಟ ಗುಡಿ ಉಳಿದಾವ?” ಎಂಬ ಪ್ರಶ್ನೆ ಬಂದೇ ಬರುತ್ತದೆ, ಆ ಪ್ರಶ್ನೆಯಲ್ಲಿ ತಪ್ಪೂ ಇಲ್ಲ. ಮೂರು ಸಾಕು: ಗಜಪೃಷ್ಠಾಕಾರದ ದುರ್ಗದ ಗುಡಿ, ಲಾಡಖಾನ ಗುಡಿ, ಗುಡ್ಡದ ಮೇಲಿನ ಮೇಗುತಿ ಬಸದಿ. ಮೇಗುತಿಯ ಗೋಡೆಯಲ್ಲಿ ಶಕ 556ರ, ಎಂದರೆ ಕ್ರಿ.ಶ. 634ರ, ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸಂಗತಿ ಇದರಲ್ಲಿ ಬರುತ್ತದೆ. ಕವಿಯು ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮನೆಂದು ಹೇಳಿಕೊಂಡಿರುವನು. ಆ ಹೆಮ್ಮೆಯ ಮಾತಿನಿಂದಲೇ ಕಾಳಿದಾಸನು ಆ ವರ್ಷಕ್ಕಿಂತ ಹಿಂದಿನವನೆಂದು ವಿದ್ವಾಂಸರಿಗೆ ಖಚಿತವಾಗಿ ಹೇಳಲು ಬಂದಿತು. ಬಾದಾಮಿ, ಐಹೊಳೆಗಳ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ಬಿಡುವೆಂಬುದನ್ನು ದಿನಗಳನ್ನು ಗೊತ್ತುಮಾಡುವಾಗ ನೆನಪಿಡಬೇಕು. ಪುರಾತತ್ತ್ವ ಇಲಾಖೆಯ ಸ್ಥಳಗಳಲ್ಲಿ 15 ವರ್ಷದೊಳಗಿನವರಿಗೆ ಶುಲ್ಕವಿಲ್ಲ.

ನಾಲ್ಕನೆಯ ದಿನ ಹುನಗುಂದದ ಕಡೆಗೆ. ದಾರಿಯಲ್ಲಿ ಅಮೀನಗಡದ ಕರದಂಟು ಕೊಳ್ಳದೆ ಯಾರೂ ಮುಂದೆ ಹೋಗುವುದಿಲ್ಲ. ಅನಂತರ ಕೂಡಲಸಂಗಮ, ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸ್ಥಳ. ನಾರಾಯಣಪುರ ಜಲಾಶಯದ ಹಿನ್ನೀರು ಏರಿದುದರಿಂದ ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತಲೂ ಗೋಡೆಯೆತ್ತಿ ಬಾವಿಯಂತೆ ಕಾಪಾಡಿದ್ದಾರೆ. ಮೆಟ್ಟಿಲಿಳಿದು ಹೋಗಿ ದರ್ಶನ ಮಾಡಬೇಕು. ಉಪನಯನವನ್ನು ಒಲ್ಲದೆ, ತಂದೆತಾಯಿಗಳ ಮನೆಯನ್ನು ಬಿಟ್ಟು ಬಂದ ಬಾಲಕ ಬಸವನು ವಿದ್ಯೆ ಕಲಿತುದು ಇಲ್ಲಿಯೇ ಎಂದು ಪರಂಪರೆಯು ಹೇಳುತ್ತದೆ. ಈ ಕಥೆಯನ್ನು ಕೇಳಿದ ಮಗನು, “ಹಾಗಾದರೆ ಅಪ್ಪಾ, ನಾನೂ ನಿಮ್ಮ ಮಾತನ್ನು ಒಲ್ಲೆ ಎನ್ನಬಹುದೇ?” ಎಂದು ಕೇಳಿಯಾನು. ಕೇಳಿದರೆ ಸಿಟ್ಟಾಗಬೇಡಿರಿ. ಯಾವುದಕ್ಕಾಗಿ ಒಲ್ಲೆ ಎನ್ನುವೆ, ಅದಕ್ಕಾಗಿ ಏನನ್ನು ಬಿಡಲು ಸಿದ್ಧನಿರುವೆ ಎಂದು ಮರಳಿ ಕೇಳಿರಿ. ಮನೆಯಲ್ಲಿ ವರ್ಷಗಟ್ಟಲೆ ಆಗದ ಮಾತು ಆ ಹೊಳೆಯ ದಂಡೆಯಲ್ಲಿ ಆಗಬಹುದು. ಆದರೆ ಪ್ರವಾಸಕ್ಕೆ ಕೊಟ್ಟ ಹಣವೆಲ್ಲ ಮರಳಿ ಬಂದಂತೆ.

ಆ ರಾತ್ರಿ ಇಳಕಲ್ಲಿನಲ್ಲಿ ವಸತಿಮಾಡಿ ಮರುದಿನ ಮಗ್ಗವನ್ನು ನೋಡಬೇಕು. ಇಳಕಲ್ಲ ಸೀರೆಯ ಒಡಲಿನ ಹಾಸುನೂಲೂ ಸೆರಗಿನ ಹಾಸುನೂಲೂ ಬೇರೆ ಬೇರೆ. ಒಂದೊಂದು ಎಳೆಯನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಆದುದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಹೂಡಬೇಕು. ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ತೋಪತೆನೆ, ಅಂಚಿನಲ್ಲಿ ಗೋಮಿ, ಚಿಕ್ಕಿ ಪರಾಸ ಮೊದಲಾದ ಬಗೆಗಳು. ಬೆಲೆಯ ಚೌಕಾಶಿಗೆ ಹೊರಟ ಮಗಳು ಅರ್ಧ ತಾಸು ಮಗ್ಗದ ಮುಂದೆ ಕುಳಿತರೆ ತಾನಾಗಿಯೇ ಸುಮ್ಮನಾಗುವಳು. ಇದೇ ಊರಿನ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳು ಹಣಗಳನ್ನು ಬೇಡದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಹರೆಯದ ಮಕ್ಕಳಿಗೆ ತಂದೆಯು ಹೇಳಲು ಸಂಕೋಚಪಡುವ ಮಾತನ್ನು ಆ ಜೋಳಿಗೆಯ ಕಥೆಯು ಸುಲಭವಾಗಿ ಹೇಳುತ್ತದೆ. ತಂದೆಗೂ ಎಲೆಯಡಿಕೆ ತಂಬಾಕಿನ ಚಟವಿದ್ದರೆ, ಆತನೇ ಮೊದಲು ಜೋಳಿಗೆಗೆ ಹಾಕುವುದು ಲೇಸು.

ಮಧ್ಯಾಹ್ನಕ್ಕೆ ಬಾಗಲಕೋಟೆಗೆ ಬಂದು ಅಲ್ಲಿಂದ ಗಾಡಿ ಹಿಡಿಯುವುದು. 1997ರಲ್ಲಿ ಜಿಲ್ಲೆಯ ಮುಖ್ಯ ಪಟ್ಟಣವಾದ ಈ ಊರಿನ ಒಂದು ಭಾಗವು ಹಿನ್ನೀರಿನಲ್ಲಿ ಮುಳುಗಿತು. ಮನೆ ಕಳೆದುಕೊಂಡವರಿಗಾಗಿ ನವನಗರವನ್ನು ಕಟ್ಟಿದರು. ಇಲ್ಲಿ ಬಂಧುಗಳಿದ್ದರೆ ಒಂದು ತಾಸು ಅವರ ಮನೆಯ ಹಿರಿಯರೊಡನೆ ಕುಳ್ಳಿರಿ. ಮುಳುಗಡೆಯ ಮೊದಲು ತಮ್ಮ ಓಣಿಯು ಹೇಗಿತ್ತು, ಬಾವಿಯು ಎಲ್ಲಿತ್ತು, ಹೋಳಿಯ ಬಣ್ಣವನ್ನು ಎಲ್ಲಿ ಆಡುತ್ತಿದ್ದರು ಎಂಬುದನ್ನು ಮಕ್ಕಳೇ ಕೇಳಲಿ. ಶಾಸನವಿಲ್ಲದ ಇತಿಹಾಸವು ಇಂಥ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಇರುತ್ತದೆ; ಅದಕ್ಕೆ ಅವಧಿಯೂ ಸ್ವಲ್ಪವೇ.

ಇನ್ನು ಎರಡು ಮಾತು. ಮೊಬೈಲನ್ನು ಪೂರ್ತಿಯಾಗಿ ಕಸಿದುಕೊಳ್ಳಬೇಡಿರಿ. ಊಟದ ಹೊತ್ತಿಗೂ ಗುಡಿಯೊಳಗೂ ಅದನ್ನು ಚೀಲದಲ್ಲಿಡುವ ನಿಯಮವನ್ನು ಮನೆಯ ಸಭೆಯಲ್ಲಿಯೇ ಮಾಡಿ, ತಂದೆತಾಯಿಗಳೂ ಅದನ್ನು ನಡೆಸಬೇಕು. ಎರಡನೆಯದು, ದಿನಕ್ಕೆರಡು ತಾಸು ಯಾವ ಕಾರ್ಯಕ್ರಮವೂ ಇರಬಾರದು. ಆ ಹೊತ್ತಿನಲ್ಲಿ ಮಗನು ಮಲಗಲಿ, ಮಗಳು ಚಿತ್ರ ಬರೆಯಲಿ, ಇಬ್ಬರೂ ಕಲ್ಲಿನ ಮೇಲೆ ಸುಮ್ಮನೆ ಕೂಡ್ರಲಿ. ಅವರ ಕಾಲವು ಅವರದಾಗಿರಲಿ.

ಊರಿಗೆ ಮರಳಿದ ಮೇಲೆ ಲೆಕ್ಕದ ಪುಸ್ತಕವನ್ನು ಮಕ್ಕಳಿಂದಲೇ ಓದಿಸಿ ಕೇಳಿರಿ. ನಾಲ್ಕು ರೂಪಾಯಿ ಹೆಚ್ಚು ಕಡಿಮೆಯಾಗಿದ್ದರೂ ಅದನ್ನು ಎತ್ತಿ ಆಡದೆ, ಮುಂದಿನ ಸೂಟಿಗೆ ಎಲ್ಲಿಗೆ ಹೋಗೋಣವೆಂದು ಅವರನ್ನೇ ಕೇಳಿರಿ. ನಾಳೆ ಹಾಸ್ಟೆಲಿನಲ್ಲಿಯೋ ದೂರದ ಊರಿನ ಕೆಲಸದಲ್ಲಿಯೋ ಇರುವಾಗ ತಮ್ಮ ಹಣವನ್ನೂ ದಾರಿಯನ್ನೂ ಅವರೇ ನೋಡಿಕೊಳ್ಳಬೇಕಾಗುವುದು. ಆ ಅಭ್ಯಾಸವು ತಂದೆತಾಯಿಗಳು ಜೊತೆಯಲ್ಲಿರುವಾಗಲೇ, ನಮ್ಮದೇ ನಾಡಿನ ದಾರಿಯಲ್ಲಿ ಆರಂಭವಾಗುವುದು ಎಲ್ಲ ವಿಧದಿಂದಲೂ ಒಳ್ಳೆಯದು.