ಹೊಟ್ಟೆಯ ಚರ್ಮದಡಿ ಪಾಕದ ಉಂಡೆ

‘ತಿಂಗಳಿಗೊಂದು ಇಂಜೆಕ್ಷನ್ ಹಾಕಿಸಿಕೊಂಡರೆ ಹೆರಾಯಿನ್ ಚಟ ಹತೋಟಿಗೆ ಬರುತ್ತದಂತೆ, ನಿಜವೇ? ಒಂದು ಸಲ ಚುಚ್ಚಿದ ಔಷಧಿ ತಿಂಗಳಿಡೀ ಉಳಿಯುವುದಾದರೂ ಹೇಗೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಮೊದಲನೆಯದಕ್ಕೆ ಉತ್ತರ: ನಿಜ, ಬಹಳ ಜನರಿಗೆ ಬರುತ್ತದೆ. ಎರಡನೆಯದು ನನಗೆ ತುಂಬ ಇಷ್ಟವಾದ ಪ್ರಶ್ನೆ.

ಹಬ್ಬಕ್ಕೆ ಉಂಡೆ ಕಟ್ಟುವಾಗ ನಮ್ಮಮ್ಮ ಒಲೆಯ ಪಕ್ಕ ಬಟ್ಟಲಲ್ಲಿ ನೀರಿಟ್ಟುಕೊಂಡು, ಕುದಿಯುವ ಬೆಲ್ಲದ ಪಾಕವನ್ನು ಒಂದು ತೊಟ್ಟು ಅದಕ್ಕೆ ಬಿಡುತ್ತಿದ್ದರು. ಎಳೆಪಾಕವಾದರೆ ಕರಗಿ ಹರಡುತ್ತಿತ್ತು. ಹದ ಬಂದಿದ್ದರೆ ತಳದಲ್ಲಿ ಪುಟ್ಟ ಉಂಡೆಯಾಗಿ ಕೂತು ಬೆರಳಿಗೆ ಸಿಗುತ್ತಿತ್ತು. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಸಬ್ಲೊಕೇಡ್’ ಇಂಜೆಕ್ಷನ್ನಿನ ಚಮತ್ಕಾರ ಹೆಚ್ಚುಕಡಿಮೆ ಇದೇ. ಸಿರಿಂಜಿನಲ್ಲಿರುವುದು ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಮತ್ತು ಒಂದು ಪಾಲಿಮರ್, ಎರಡೂ ಒಂದು ದ್ರಾವಕದಲ್ಲಿ ಕರಗಿರುತ್ತವೆ. ಹೊಟ್ಟೆಯ ಚರ್ಮದಡಿಗೆ ಇದನ್ನು ಚುಚ್ಚಿದೊಡನೆ ದ್ರಾವಕ ಮೈಯೊಳಗಿನ ನೀರಿನಲ್ಲಿ ಬೆರೆತು ಹೊರಟುಹೋಗುತ್ತದೆ. ಪಾಲಿಮರಿಗೂ ನೀರಿಗೂ ಆಗಿಬರುವುದಿಲ್ಲ. ಅದು ಔಷಧಿಯನ್ನು ಒಳಗಿಟ್ಟುಕೊಂಡು ಗಟ್ಟಿಯಾಗುತ್ತದೆ. ಬೆಲ್ಲ ಗಟ್ಟಿಯಾಗುವುದು ತಣಿದು, ಇದು ದ್ರಾವಕ ಕಳೆದುಕೊಂಡು, ವ್ಯತ್ಯಾಸ ಅಷ್ಟೇ.

ಆ ಜಾಗವನ್ನು ಮುಟ್ಟಿದರೆ ಕೆಲವು ವಾರ ಸಣ್ಣ ಗಂಟು ಕೈಗೆ ಸಿಗುತ್ತದೆ, ಬರಬರುತ್ತ ಕಿರಿದಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ, ತಾನಾಗಿ ಕರಗುವ ಹೊಲಿಗೆ ದಾರದ ಜಾತಿಯ ಪಾಲಿಮರ್ ಇದು. ನೀರು ಅದನ್ನು ನಿಧಾನವಾಗಿ ತುಂಡರಿಸಿದಾಗ ಉಳಿಯುವುದು ಗ್ಲೈಕೋಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲ. ಎರಡನೆಯದು ನಮ್ಮ ಮೊಸರಿಗೆ ಹುಳಿ ಕೊಡುವ ಆಮ್ಲವೇ! ಉಂಡೆ ಸವೆದಂತೆಲ್ಲ ಔಷಧಿ ಚೂರುಚೂರೇ ರಕ್ತಕ್ಕೆ ಸೇರುತ್ತದೆ. ಆದರೆ ಅಪಾಯ ಇರುವುದೂ ಈ ಗಟ್ಟಿಯಾಗುವ ಗುಣದಲ್ಲೇ. ರಕ್ತನಾಳಕ್ಕೆ ಚುಚ್ಚಿದರೆ ಅಲ್ಲೇ ಗಟ್ಟಿಯಾಗಿ ಶ್ವಾಸಕೋಶದ ನಾಳಗಳನ್ನು ಕಟ್ಟಿಬಿಡಬಹುದು. ಹಾಗಾಗಿ ಇದನ್ನು ರೋಗಿಯ ಕೈಗೆ ಕೊಡುವುದೇ ಇಲ್ಲ. ಆರೋಗ್ಯ ಸಿಬ್ಬಂದಿಯೇ ಹಾಕಬೇಕು.

‘ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ?’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇದು ತಪ್ಪು. ಬ್ಯುಪ್ರೆನಾರ್ಫಿನ್ ಕೂಡ ಹೆರಾಯಿನ್ ಸೇರಿರುವ ಓಪಿಯಾಯ್ಡ್ ಗುಂಪಿನದೇ, ದೇಹ ಇದಕ್ಕೂ ಒಗ್ಗಿಕೊಳ್ಳುತ್ತದೆ. ಆದರೆ ಮಿದುಳಿನಲ್ಲಿ ಹೆರಾಯಿನ್ ಕೂರುವ ಜಾಗಗಳಲ್ಲಿ ಇದು, ಬಸ್ಸಿನ ಸೀಟಿಗೆ ಟವೆಲ್ ಹಾಕಿದವರಂತೆ, ಭದ್ರವಾಗಿ ಕೂತುಬಿಡುತ್ತದೆ. ಆಮೇಲೆ ಬಂದ ಹೆರಾಯಿನ್‌ಗೆ ಜಾಗ ಸಿಗುವುದು ಕಷ್ಟ. ಜೊತೆಗೆ ಇದು ಆ ಜಾಗಗಳನ್ನು ಅರೆಬರೆಯಾಗಿ ಮಾತ್ರ ಕೆರಳಿಸುತ್ತದೆ. ಮೈನೋವು, ನಡುಕ, ಹಂಬಲ ತಗ್ಗಲು ಅಷ್ಟು ಸಾಕು. ಉಸಿರಾಟವನ್ನು ಕುಗ್ಗಿಸುವ ಪರಿಣಾಮ ಮಾತ್ರ ಒಂದು ಮಟ್ಟ ದಾಟಿ ಏರುವುದಿಲ್ಲ. ಮದ್ಯ, ನಿದ್ದೆಮಾತ್ರೆ ಜೊತೆ ಸೇರಿದರೆ ಆ ಭರವಸೆ ಇಲ್ಲ.

ಇನ್ನು ಚಟ ಬಿಡಿಸಲೆಂದು ಕರ್ಪೂರ ಹಚ್ಚಿಸಿ ಆಣೆ ಮಾಡಿಸುವವರಿಗೆ, ಕಾಫಿಯಲ್ಲಿ ಗುಟ್ಟಾಗಿ ಪುಡಿ ಕಲಸಿಕೊಡುವವರಿಗೆ ಒಂದು ಮಾತು. ದಯವಿಟ್ಟು ನಿಲ್ಲಿಸಿ. ಕೆಲವು ವಾರ ಹೆರಾಯಿನ್ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಆಣೆ ಮುರಿದ ದಿನ ಆತ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಜೈಲಿನಿಂದಲೋ ಚಿಕಿತ್ಸಾ ಕೇಂದ್ರದಿಂದಲೋ ಹೊರಬಂದ ಮೊದಲ ವಾರಗಳು ಅಷ್ಟೊಂದು ಅಪಾಯಕಾರಿಯಾಗಿರುವುದು ಇದಕ್ಕೇ. ಚಟ ಒಂದು ಕಾಯಿಲೆ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವೇ ಇದೆ.

ನಮ್ಮ ದೇಶದ ಸರ್ಕಾರಿ ಕೇಂದ್ರಗಳಲ್ಲಿ ಬ್ಯುಪ್ರೆನಾರ್ಫಿನ್ ನಾಲಿಗೆಯಡಿ ಇಡುವ ಮಾತ್ರೆಯಾಗಿ ಸಿಗುತ್ತದೆ. ಅದರಿಂದಲೂ ಎಷ್ಟೋ ಜೀವ ಉಳಿದಿವೆ. ಆದರೆ ಮಾತ್ರೆ ಎಂದರೆ ದಿನಾ ಬೆಳಿಗ್ಗೆ ‘ಇವತ್ತು ತೆಗೆದುಕೊಳ್ಳಲೇ, ಬೇಡವೇ?’ ಎಂಬ ಹೋರಾಟ. ಚುಚ್ಚುಮದ್ದು ಆ ಮೂವತ್ತು ಬೆಳಗಿನ ಹೋರಾಟವನ್ನು ಒಂದಕ್ಕೆ ಇಳಿಸುತ್ತದೆ. ಉಳಿದ ಇಪ್ಪತ್ತೊಂಬತ್ತು ಬೆಳಗನ್ನು ರೋಗಿ ಕೆಲಸಕ್ಕೆ, ಮಕ್ಕಳಿಗೆ ಇಟ್ಟುಕೊಳ್ಳಲಿ.