ಈಜಿಪ್ಟಿನ ಚುಚ್ಚುಮದ್ದು ಮತ್ತು ಹೆಪಟೈಟಿಸ್ ಸಿ

ನೈಲ್ ನದಿಯ ಬಯಲಿನ ರೈತರನ್ನು ಪ್ರಾಚೀನಕಾಲದಿಂದಲೂ ಪೀಡಿಸುತ್ತ ಬಂದ ರೋಗವೊಂದುಂಟು. ನೀರಿನ ಬಸವನಹುಳುವಿನಲ್ಲಿ ಬೆಳೆದ ಕ್ರಿಮಿಯು ಕಾಲುವೆಗಿಳಿದವರ ಚರ್ಮವನ್ನು ಭೇದಿಸಿ ರಕ್ತನಾಳಗಳಲ್ಲಿ ನೆಲೆಸುತ್ತದೆ. 1851ರಲ್ಲಿ ಕೈರೋ ನಗರದಲ್ಲಿ ಅದನ್ನು ಕಂಡುಹಿಡಿದ ಜರ್ಮನ್ ವೈದ್ಯ ಬಿಲ್ಹಾರ್ಜನ ಹೆಸರಿನಿಂದ ಈ ರೋಗಕ್ಕೆ ಬಿಲ್ಹಾರ್ಜಿಯಾ ಎಂಬ ಹೆಸರಾಯಿತು. ವರ್ಷವಿಡೀ ನೀರು ಹರಿಸುವ ಕಾಲುವೆಗಳು ಹೆಚ್ಚಿದಂತೆ ರೋಗವೂ ಹೆಚ್ಚಿತು.

ಇದನ್ನು ತೊಡೆದುಹಾಕಲೆಂದು ಈಜಿಪ್ಟಿನ ಸರ್ಕಾರವು 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಹಳ್ಳಿಹಳ್ಳಿಗಳಲ್ಲಿ ಆಂಟಿಮನಿಯ ಲವಣವೊಂದನ್ನು ಜನರ ರಕ್ತನಾಳಕ್ಕೆ ಚುಚ್ಚಿಸಿತು. ಒಬ್ಬೊಬ್ಬ ರೋಗಿಗೂ ವಾರಗಟ್ಟಲೆ ಹಲವು ಚುಚ್ಚುಮದ್ದು. ಗಾಜಿನ ಸಿರಿಂಜುಗಳು ಕೆಲವೇ, ಕಾದು ನಿಂತವರು ಬಹುಮಂದಿ. ಸೂಜಿಗಳನ್ನು ಸರಿಯಾಗಿ ಕುದಿಸದೆಯೇ ಮತ್ತೆ ಬಳಸಿದುದರಿಂದ ಒಬ್ಬನ ರಕ್ತದೊಡನೆ ಹೆಪಟೈಟಿಸ್ ಸಿ ವೈರಸ್ಸು ಮತ್ತೊಬ್ಬನ ದೇಹವನ್ನು ಸೇರಿತು.

ಈ ವೈರಸ್ಸು ಯಕೃತ್ತಿನಲ್ಲಿ ಸದ್ದಿಲ್ಲದೆ ನೆಲೆಸತಕ್ಕದ್ದು. ಸೋಂಕಿದವರಲ್ಲಿ ಹೆಚ್ಚಿನವರಿಗೆ ಬಹುಕಾಲ ಯಾವ ಲಕ್ಷಣವೂ ತೋರದು. ಕೆಲವರಲ್ಲಿ ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ಯಕೃತ್ತು ಗಡುಸಾಗಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಇಲ್ಲವೆ ಅರ್ಬುದ ಮೂಡುತ್ತದೆ. ಇದರಿಂದಾಗಿ ಕಾರಣಕ್ಕೂ ಕಾರ್ಯಕ್ಕೂ ನಡುವೆ ಒಂದು ತಲೆಮಾರೇ ಕಳೆದುಹೋಯಿತು. ಇಲ್ಲಿ ಇತಿಹಾಸಕಾರನಿಗೆ ದೊರೆಯುವ ಸಾಕ್ಷ್ಯವು ವಿಚಿತ್ರವಾದುದು: ಯಾವ ಪ್ರದೇಶದಲ್ಲಿ, ಯಾವ ವಯಸ್ಸಿನವರಿಗೆ ಆ ಚುಚ್ಚುಮದ್ದು ಹೆಚ್ಚಾಗಿ ದೊರೆತಿತ್ತೋ ಅವರ ರಕ್ತದಲ್ಲೇ ಸೋಂಕಿನ ಗುರುತೂ ಹೆಚ್ಚು. 2008ರ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನವರ ಪೈಕಿ ಶೇಕಡ 14.7 ಮಂದಿಯಲ್ಲಿ ಈ ಗುರುತು ಕಂಡುಬಂದಿತು.

ವೈದ್ಯರನ್ನು ದೂಷಿಸುವುದು ನ್ಯಾಯವೆ? ವೈರಸ್ಸು ಪತ್ತೆಯಾದದ್ದೇ 1989ರಲ್ಲಿ. ತಿಳಿಯದ ವೈರಿಗೆ ಅವರನ್ನು ಹೊಣೆಮಾಡಲಾಗದು. ಆದರೆ ಕಾಮಾಲೆಯು ಸೂಜಿಯಿಂದ ಹರಡಬಲ್ಲದೆಂಬುದು 1940ರ ದಶಕದಲ್ಲೇ ವೈದ್ಯಲೋಕಕ್ಕೆ ವಿದಿತವಾಗಿತ್ತು. ನಮಗೆ ತೋರುವಂತೆ, ಅಲ್ಲಿ ಕೊರತೆಯಾದದ್ದು ಜ್ಞಾನವಲ್ಲ, ಸಿರಿಂಜು ಮತ್ತು ಸಮಯ. (ಬಿಲ್ಹಾರ್ಜಿಯಾ ಪೀಡೆಯು ತಗ್ಗಿದ್ದೂ ನಿಜವೆಂಬುದನ್ನು ಮರೆಯಲಾಗದು.)

ಮುಂದೆ ಬಾಯಿಂದ ಸೇವಿಸುವ ಗುಳಿಗೆ ಬಂದು ಆ ಚುಚ್ಚುಮದ್ದು ನಿಂತಿತು. 2013ರ ಬಳಿಕ ಹೆಪಟೈಟಿಸ್ ಸಿ ರೋಗಕ್ಕೂ ಗುಳಿಗೆಗಳು ದೊರೆತು, ಎರಡು ಮೂರು ತಿಂಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ರೋಗಿಗಳು ಗುಣಹೊಂದುವಂತಾಯಿತು. 2018-19ರಲ್ಲಿ ಈಜಿಪ್ಟು ಸುಮಾರು 5 ಕೋಟಿ ಜನರ ರಕ್ತವನ್ನು ಪರೀಕ್ಷಿಸಿ, ರೋಗವಿದ್ದವರಿಗೆ ಉಚಿತ ಚಿಕಿತ್ಸೆಯನ್ನಿತ್ತಿತು. ರೋಗವನ್ನು ತಡೆಯುವ ಲಸಿಕೆ ಮಾತ್ರ ಇನ್ನೂ ಇಲ್ಲ. ಗುಣವಾದವನಿಗೂ ಅಶುದ್ಧ ಸೂಜಿಯಿಂದ ಅದು ಮರಳಿ ತಗಲಬಹುದು.