0.3 ಗ್ರಾಂ ತೂಕ, 18,000 ಕಿಲೋಮೀಟರ್ ಹಾರಾಟ

ಮಳೆ ಬಿಟ್ಟ ಮಧ್ಯಾಹ್ನ ಗದ್ದೆ, ಬಯಲು, ಮೈದಾನಗಳ ಮೇಲೆ ಹಿಂಡುಹಿಂಡಾಗಿ ತೇಲಾಡುವ ಹಳದಿ ಏರೋಪ್ಲೇನ್ ಚಿಟ್ಟೆಯನ್ನು ನೋಡದವರು ಯಾರು? ವಿಜ್ಞಾನಿಗಳ ಪಟ್ಟಿಯಲ್ಲಿ ಇದು ಪ್ಯಾಂಟಾಲ ಫ್ಲೇವೆಸೆನ್ಸ್. ಹೊನ್ನಿನ ಮೈ, ಕೆಂಗಂದು ಕಣ್ಣು, ಗಾಜಿನಂಥ ನಾಲ್ಕು ರೆಕ್ಕೆ. ಉದ್ದ ಸುಮಾರು ನಾಲ್ಕೂವರೆ ಸೆಂಟಿಮೀಟರ್, ತೂಕ ಸುಮಾರು 0.3 ಗ್ರಾಂ. ನಾಲ್ಕು ಟನ್ನಿನ ಒಂದೇ ಒಂದು ಆನೆಯನ್ನು ತೂಗಲು 1 ಕೋಟಿ 33 ಲಕ್ಷ ಚಿಟ್ಟೆ ಬೇಕು!

ಇಷ್ಟು ಹಗುರಾದ ಜೀವ ಎಷ್ಟು ಎತ್ತರ ಏರೀತು? ಹಿಮಾಲಯದಲ್ಲಿ 6,200 ಮೀಟರ್ ಎತ್ತರದಲ್ಲಿ ಇದು ಕಂಡುಬಂದಿದೆ. ನಮ್ಮ ಮುಳ್ಳಯ್ಯನಗಿರಿಯಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಪೇರಿಸಿದರೂ ಆ ಎತ್ತರ ಮುಟ್ಟಲು ಇನ್ನೂ 400 ಮೀಟರ್ ಬಾಕಿ!

ಎತ್ತರವೇ ಇಷ್ಟಾದರೆ ದೂರ? ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ ಮಾಲ್ಡೀವ್ಸ್ ದ್ವೀಪಗಳಲ್ಲಿ ಈ ಚಿಟ್ಟೆಗಳು ಲಕ್ಷಗಟ್ಟಲೆ ಬಂದಿಳಿಯುತ್ತವೆ. ಅಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಮುಂದಿಟ್ಟ ಲೆಕ್ಕ ನೋಡಿ: ಭಾರತದಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ, ಅಲ್ಲಿಂದ ಮರಳಿ ಭಾರತಕ್ಕೆ, ಒಟ್ಟು 14,000ದಿಂದ 18,000 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಐದು ಸಲ ಹೋಗಿ ಬಂದಷ್ಟು ದಾರಿ. ಚಿಟ್ಟೆಯ ಮೈಯಳತೆಯಲ್ಲಿ ಎಣಿಸಿದರೆ 18,000 ಕಿಲೋಮೀಟರ್ ಎಂದರೆ 40 ಕೋಟಿ ಮೈಯುದ್ದ! ಐದೂವರೆ ಅಡಿಯ ಮನುಷ್ಯ ತನ್ನ ಮೈಯುದ್ದದ 40 ಕೋಟಿ ಪಟ್ಟು ನಡೆದರೆ ಭೂಮಿಗೆ ಹದಿನಾರು ಸುತ್ತು ಮುಗಿದು ಹದಿನೇಳನೆಯದು ನಡೆದಿರುತ್ತದೆ.

ಈ ಓಟ ಒಂದೇ ಜನ್ಮದಲ್ಲಿ ಮುಗಿಯುವುದಿಲ್ಲ, ನಾಲ್ಕು ತಲೆಮಾರು ಬೇಕು. ಹೊರಟದ್ದು ಮುತ್ತಜ್ಜಿ, ಮರಳಿದ್ದು ಮರಿಮಗಳು! ತೊಟ್ಟಿಲು ಮಾತ್ರ ಮಳೆನೀರು ನಿಂತ ಹೊಂಡ. ಎಷ್ಟೋ ಜಾತಿಯ ಏರೋಪ್ಲೇನ್ ಚಿಟ್ಟೆಗಳ ಮರಿಗಳು ನೀರಿನಲ್ಲೇ ಒಂದೆರಡು ವರ್ಷ ಕಳೆಯುತ್ತವೆ. ಇದರ ಮರಿ 38ರಿಂದ 65 ದಿನಗಳಲ್ಲಿ ಬೆಳೆದು, ಪೊರೆ ಬಿಟ್ಟು ಹಾರುತ್ತದೆ. ಹೊಂಡ ಒಣಗುವುದರೊಳಗೆ ಊರು ಬಿಟ್ಟಾಗಿರುತ್ತದೆ. ಅಂಟಾರ್ಕ್ಟಿಕಾ ಒಂದನ್ನು ಬಿಟ್ಟು ಉಳಿದೆಲ್ಲ ಖಂಡಗಳಲ್ಲೂ ಇದು ಕಂಡಿದೆ. ಚಿಲಿಯ ಕರಾವಳಿಯಿಂದ 3,500 ಕಿಲೋಮೀಟರ್ ಆಚೆ ನಡುಸಾಗರದಲ್ಲಿರುವ ಈಸ್ಟರ್ ದ್ವೀಪದಲ್ಲೂ ಹಾಜರು!

ಈಗ ಎಲ್ಲಕ್ಕಿಂತ ದೊಡ್ಡ ಲೆಕ್ಕ. ಒಂದು ಹೆಣ್ಣು 2,000 ಮೊಟ್ಟೆಗಳವರೆಗೂ ಇಡಬಲ್ಲದು. ಒಂದೂ ಸಾಯದೆ ಎಲ್ಲವೂ ಬದುಕಿ, ಅರ್ಧದಷ್ಟು ಹೆಣ್ಣಾಗಿ, ಅವೂ ಅಷ್ಟೇ ಮೊಟ್ಟೆಯಿಟ್ಟರೆ? ಮರಿಗಳದ್ದೇ ಮೊದಲ ತಲೆಮಾರು ಎಂದು ಎಣಿಸಿದರೆ, ಎರಡನೆಯ ತಲೆಮಾರಿಗೆ 20 ಲಕ್ಷ. ಮೂರನೆಯದಕ್ಕೆ 200 ಕೋಟಿ. ನಾಲ್ಕನೆಯದಕ್ಕೆ 2 ಲಕ್ಷ ಕೋಟಿ! ತಲಾ 0.3 ಗ್ರಾಂನಂತೆ ಅವುಗಳ ಒಟ್ಟು ತೂಕ 6 ಲಕ್ಷ ಟನ್, ಅಂದರೆ ಒಂದೂವರೆ ಲಕ್ಷ ಆನೆ. ಜಗತ್ತಿನ ಕಾಡುಗಳಲ್ಲಿ ಉಳಿದಿರುವ ಏಷ್ಯಾದ ಆನೆಗಳೇ ಸುಮಾರು 50,000. ಅದರ ಮೂರು ಪಟ್ಟು! ಮೀನು, ಕಪ್ಪೆ, ಹಕ್ಕಿಗಳು ತಮ್ಮ ಪಾಲು ತಿನ್ನದೆ ಹೋಗಿದ್ದರೆ, ಒಂದು ತಾಯಿಚಿಟ್ಟೆ ಕಟ್ಟಬಹುದಾಗಿದ್ದ ಸಂಸಾರ ಇಷ್ಟು ದೊಡ್ಡದು!